ಅಯ್ಯನವರ ದನಿಯಲ್ಲಿ ಕೊಟ್ಟ ಹೋಂವರ್ಕ್

ಕಳೆದ ತಿಂಗಳ ಒಂದು ಭಾನುವಾರ ಮಧ್ಯಾಹ್ನ ನಾನು ಇಪ್ಪತ್ತೆರಡು ನಿಮಿಷ ಪಾದ್ರಿಯಾಗಿದ್ದೆ.

ದೀಕ್ಷೆ ಕೊಟ್ಟವರು ಯಾರೂ ಇಲ್ಲ. ಶಾಮನೂರಿನ ನಮ್ಮ ಮನೆಯ ತಾರಸಿ. ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಅಮ್ಮ ಒಣಹಾಕಿದ ಸಂಡಿಗೆ, ನಡುವೆ ಮೊಬೈಲ್ ಹಿಡಿದ ನಾನು. ಸಭಿಕರಾಗಿ ಎರಡು ಪಾರಿವಾಳ. ಅದರಲ್ಲಿ ಒಂದು ಅರ್ಧಕ್ಕೇ ಎದ್ದು ಹೋಯಿತು. (ನಿಜವಾದ ಪಾದ್ರಿಗಳಿಗೂ ಹೀಗಾಗುತ್ತದೆ. ನಾನು ಬೇಸರ ಮಾಡಿಕೊಳ್ಳಲಿಲ್ಲ.)

ನನಗೊಂದು ರೋಗವಿದೆ. ಯಾರ ದನಿ ಕಿವಿಗೆ ಬಿದ್ದರೂ ಎರಡು ದಿನದಲ್ಲಿ ಅದು ನನ್ನ ಗಂಟಲಲ್ಲಿ ಬಾಡಿಗೆಗೆ ಬಂದು ಕೂತಿರುತ್ತದೆ. ಹರಿಹರ ಬಸ್ಸಿನ ಕಂಡಕ್ಟರು, ನಮ್ಮ ಆಫೀಸಿನ ಮ್ಯಾನೇಜರು, ನಮ್ಮಮ್ಮ, ಫೋನಿನಲ್ಲಿ ಮಾತಾಡುವಾಗಿನ ನಮ್ಮಮ್ಮ (ಇವೆರಡೂ ಬೇರೆ ಬೇರೆ ದನಿ, ನಡುವೆ ಒಂದು ರಾಜ್ಯದಷ್ಟು ದೂರ). ಈ ವಿದ್ಯೆಯಿಂದ ಚಪ್ಪಾಳೆ ಬೇಕಾದಷ್ಟು ಸಿಕ್ಕಿದೆ. ಕಳೆದುಕೊಂಡಿದ್ದು ಒಬ್ಬನೇ ಒಬ್ಬನನ್ನು. ಚಿಕ್ಕಪ್ಪನ ಮಗ ವಿನಯನ ನಿಶ್ಚಿತಾರ್ಥದಲ್ಲಿ ಅವನ ಭಾವಿ ಮಾವನ ದನಿಯನ್ನು, ಅವರ ಎದುರಿಗೇ, ಮೈಕಿನಲ್ಲಿ ತೆಗೆದೆ. ಛತ್ರವೆಲ್ಲ ನಕ್ಕಿತು. ಮಾವ ನಗಲಿಲ್ಲ. ಅಂದಿನಿಂದ ವಿನಯ ನನ್ನ ಹತ್ತಿರ ಮಾತಾಡಿಲ್ಲ. ಎರಡು ವರ್ಷವಾಯಿತು. ಇರಲಿ ಬಿಡಿ, ಅದು ಬೇರೆ ಕಥೆ.

ಪಾದ್ರಿ ಕಥೆಗೆ ಬರೋಣ.

ದಾವಣಗೆರೆಯ ನಮ್ಮ ಚರ್ಚಿನ ಸಭೆಯಲ್ಲಿ ಭಾನುವಾರದ ಆರಾಧನೆ ಮುಗಿದ ಮೇಲೆ ಅರ್ಧ ಗಂಟೆ 'ದೊಡ್ಡವರ ಪಾಠ' ಇರುತ್ತದೆ. ಸಂಡೇ ಸ್ಕೂಲಿನ ಹಾಲ್‌ನಲ್ಲಿ, ಸಂಡೇ ಸ್ಕೂಲಿನ ಬೆಂಚುಗಳ ಮೇಲೆ. ಬೆಂಚುಗಳು ಏಳು ವರ್ಷದ ಮಕ್ಕಳ ಅಳತೆಯವು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕೂತಿರುತ್ತಾರೆ. ಪಾಠ ಮಾಡುವವರು ನಮ್ಮ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು. "ಪ್ರಿಯರೇ" ಎನ್ನುತ್ತಾರೆ, ಒಂದು ಸಣ್ಣ ಕೆಮ್ಮು, ಆಮೇಲೆ ವಿಷಯ. ಕೊನೆಗೆ 'ಈ ವಾರದ ಕೆಲಸ' ಅಂತ ಒಂದು ಹೋಂವರ್ಕ್. ಒಂದು ಅಧ್ಯಾಯ ಓದಿ ಐದು ಸಾಲು ಬರೆಯಿರಿ, ಆ ಥರದ್ದು.

ಎಷ್ಟು ಜನ ಮಾಡುತ್ತೇವೆ? ಕೇಳಬೇಡಿ. ನಾವು ದೊಡ್ಡವರು. ಪ್ರತಿ ಪಾಠವೂ ನಮ್ಮ ಪಕ್ಕದಲ್ಲಿ ಕೂತವರಿಗೆ ಬಹಳ ಅಗತ್ಯವಾಗಿತ್ತು ಅಂತ ತಲೆದೂಗಿ ಮನೆಗೆ ಹೋಗಿ ಊಟ ಮಾಡುತ್ತೇವೆ.

ಮಾಡುವವರು ಒಬ್ಬರಿದ್ದಾರೆ. ಹರಿಹರದ ದಯಾಮಣಿ ಟೀಚರ್. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರು. ಮಂಡಿಯ ಆಪರೇಷನ್ ಆದಮೇಲೆ ಬಸ್ ಹತ್ತಲಾಗದೆ ಮನೆಯಲ್ಲೇ ಇದ್ದಾರೆ. ಅಂಥ ಏಳು ಜನರಿಗೆ ಪಾಠವನ್ನು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕಳಿಸುವ ಕೆಲಸ ನನ್ನದು. ಉಳಿದ ಆರು ಜನ ಯಾವಾಗ ಕೇಳುತ್ತಾರೋ ದೇವರಿಗೇ ಗೊತ್ತು. ಟೀಚರ್ ಮಾತ್ರ ಮೂರು ಗಂಟೆಗೆ ಸರಿಯಾಗಿ ಲಾಂಗ್ ನೋಟ್‌ಬುಕ್ ತೆರೆದು, ಕೆಂಪು ಇಂಕಿನಲ್ಲಿ ಮಾರ್ಜಿನ್ ಎಳೆದು ಕಾಯುತ್ತಿರುತ್ತಾರೆ. ಪಾಠ ಬರದಿದ್ದರೆ ಮೂರೂ ಐದಕ್ಕೆ ನನಗೆ ಮಿಸ್ಡ್ ಕಾಲ್. ವಾರ ಮುಗಿಯುವುದರೊಳಗೆ ಹೋಂವರ್ಕಿನ ಫೋಟೋ ಅಯ್ಯನವರಿಗೆ.

ಆ ಭಾನುವಾರ ಏನಾಯಿತೆಂದರೆ, ಪಾಠ ಶುರುವಾದ ನಾಲ್ಕೇ ನಿಮಿಷಕ್ಕೆ ರೆಕಾರ್ಡಿಂಗ್ ನಿಂತುಹೋಗಿತ್ತು. ಸ್ಟೋರೇಜ್ ಫುಲ್. ಏನು ತುಂಬಿತ್ತು ಅಂತೀರಿ? ನನ್ನದೇ ಮಿಮಿಕ್ರಿ ವಿಡಿಯೋಗಳು. ಮನೆಗೆ ಬಂದು ನೋಡಿದಾಗ ಎರಡೂವರೆ. ಅಯ್ಯನವರು ಆಗಲೇ ಕೊಂಡಜ್ಜಿಗೆ, ಯೌವನಸ್ಥರ ಶಿಬಿರಕ್ಕೆ ಹೊರಟುಹೋಗಿದ್ದರು. ಫೋನ್ ಹತ್ತುತ್ತಿಲ್ಲ.

ಟೀಚರಿಗೆ ಫೋನ್ ಮಾಡಿ ನಿಜ ಹೇಳಬಹುದಿತ್ತು. ಒಂದೇ ನಿಮಿಷದ ಕೆಲಸ. ಆದರೆ ನನ್ನಂಥವನಿಗೆ ಒಂದು ನಿಮಿಷದ ನಿಜಕ್ಕಿಂತ ಇಪ್ಪತ್ತೆರಡು ನಿಮಿಷದ ನಾಟಕವೇ ಸುಲಭ. ಒಂದೆರಡು ವಿಡಿಯೋ ಅಳಿಸಿ ಜಾಗ ಮಾಡಿಕೊಂಡು ತಾರಸಿ ಹತ್ತಿದೆ. "ಪ್ರಿಯರೇ" ಅಂದೆ. ಕೆಮ್ಮಿದೆ. ನೆರೆಯವರನ್ನು ಪ್ರೀತಿಸುವ ಕುರಿತ ಅಂದಿನ ಪಾಠವನ್ನು ನೆನಪಿದ್ದಷ್ಟು ಹೇಳಿದೆ, ನೆನಪಿಲ್ಲದ ಕಡೆ ಎರಡೆರಡು ಸಲ ಕೆಮ್ಮಿದೆ.

ಕೊನೆಗೆ 'ಈ ವಾರದ ಕೆಲಸ' ಬಂತು. ಅಯ್ಯನವರು ಏನು ಕೊಟ್ಟಿದ್ದರು? ನೆನಪೇ ಇಲ್ಲ. ಅಷ್ಟರಲ್ಲಿ ಅಮ್ಮ ತಲೆಯ ಮೇಲೆ ಸೆರಗು ಹೊದ್ದು, ತಟ್ಟೆಯಲ್ಲಿ ಎರಡು ಲೋಟ ಟೀ ಇಟ್ಟುಕೊಂಡು ತಾರಸಿಗೆ ಬಂದಳು. ಕೆಳಗೆ ಅಡಿಗೆಮನೆಗೆ ದನಿ ಕೇಳಿಸಿ, ಅಯ್ಯನವರೇ ಮನೆಗೆ ಬಂದಿದ್ದಾರೆ ಅಂದುಕೊಂಡಿದ್ದಳು. ನಾನೊಬ್ಬನೇ ನಿಂತಿದ್ದು ನೋಡಿ ಅವಳು ಕೊಟ್ಟ ನೋಟವನ್ನು ಇಲ್ಲಿ ವಿವರಿಸುವುದಿಲ್ಲ. ಆದರೆ ಟೀ ನೋಡಿದ ನನ್ನ ಬಾಯಿ ತನ್ನಷ್ಟಕ್ಕೆ ಮುಂದುವರಿಯಿತು.

"ಈ ವಾರದ ಕೆಲಸ ಇಷ್ಟೇ, ಪ್ರಿಯರೇ. ನೀವು ಮಾತು ಬಿಟ್ಟವರು ಒಬ್ಬರಿರ್ತಾರೆ. ಅವರನ್ನ ಮನೆಗೆ ಕರೀರಿ. ಒಂದು ಲೋಟ ಟೀ ಕುಡಿಸ್ರಿ."

ಕಳಿಸಿದೆ. ಎರಡೂ ಲೋಟ ಟೀ ನಾನೇ ಕುಡಿದೆ.

ಗುರುವಾರ ಅಯ್ಯನವರಿಂದ ಫೋನ್. ಕೂಡಲೇ ಬಾ ಅಂದರು. ಹೋದೆ. ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಟೀಚರ್ ನೋಟ್‌ಬುಕ್ಕಿನ ಫೋಟೋ. ದುಂಡು ಅಕ್ಷರ, ಕೆಂಪು ಮಾರ್ಜಿನ್. 'ಈ ವಾರದ ಕೆಲಸ: ಮಾತು ಬಿಟ್ಟವರಿಗೆ ಟೀ ಕುಡಿಸುವುದು. ಸುಗುಣಮ್ಮನಿಗೆ ಫೋನ್ ಮಾಡಿದೆ. ಶನಿವಾರ ನಾಲ್ಕಕ್ಕೆ ಬರುತ್ತಾಳೆ. ಅಯ್ಯನವರು ಹೇಳಿದ್ದಾರೆಂದು ಬರುತ್ತಾಳಂತೆ, ನನ್ನ ಸಲುವಾಗಿ ಅಲ್ಲವಂತೆ.'

ಇಲ್ಲಿ ನಿಮಗೆ ಒಂದು ಹಳೆಯ ಜಗಳ ಹೇಳಬೇಕು.

ಸುಗುಣಮ್ಮನವರು ಟೀಚರ್ ಮನೆಯಿಂದ ಎರಡು ಬೀದಿ ಆಚೆ ಇರುವವರು. ಇಪ್ಪತ್ತು ವರ್ಷ ಇಬ್ಬರೂ ಪ್ರತಿ ಭಾನುವಾರ ಒಂದೇ ಬಸ್ಸಿನಲ್ಲಿ, ಒಂದೇ ಸೀಟಿನಲ್ಲಿ ದಾವಣಗೆರೆಗೆ ಬರುತ್ತಿದ್ದರು. ನಮ್ಮಲ್ಲಿ ತಿಂಗಳಿಗೊಮ್ಮೆ ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಯುತ್ತದೆ. ಪ್ರಾರ್ಥನೆ ಆದಮೇಲೆ ಏನಾದರೂ ತಿನ್ನಲು ಕೊಡುವುದು ರೂಢಿ. ಅದು ಟೀಯಿಂದ ಕೇಸರಿಬಾತಿಗೆ, ಕೇಸರಿಬಾತಿನಿಂದ ಕೋಳಿ ಪಲಾವಿಗೆ ಬೆಳೆದು, ಇಲ್ಲದವರಿಗೆ ಕೂಟ ಕರೆಯಲು ಭಯವಾಗುವ ಹಾಗಾಯಿತು. ಆಗ ದಯಾಮಣಿ ಟೀಚರ್ ಎದ್ದು ನಿಂತು ಒಂದು ರೂಲ್ ಮಾಡಿಸಿದರು. ಇನ್ನು ಮೇಲೆ ಟೀ, ಬಿಸ್ಕೆಟ್. ಅಷ್ಟೇ.

ಒಳ್ಳೆಯ ರೂಲ್. ಆದರೆ ಮುಂದಿನ ಕೂಟ ಸುಗುಣಮ್ಮನ ಮನೆಯಲ್ಲಿ. ಅವರು ಅಷ್ಟರಲ್ಲಿ ಮೆಣಸಿನಕಾಯಿ ಆರಿಸಿಟ್ಟು, ಹಿಟ್ಟು ತರಿಸಿ ಆಗಿತ್ತು. ನಲವತ್ತು ಜನರಿಗೆ ಬಿಸಿಬಿಸಿ ಮಿರ್ಚಿ ಬಜ್ಜಿ, ಮಂಡಕ್ಕಿ. ಎಲ್ಲರೂ ತಿಂದರು. (ನಾನು ಏಳು. ಯಾರೂ ಕೇಳಿಲ್ಲ, ನಾನೇ ಹೇಳುತ್ತಿದ್ದೇನೆ.) ಟೀಚರ್ ಮಾತ್ರ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಒಂದು ಬಿಸ್ಕೆಟ್ ಇದ್ದರೆ ಕೊಡಿ ಅಂತ ಎಲ್ಲರ ಮುಂದೆ ಕೇಳಿದರು.

ಆರು ವರ್ಷ. ಅದೇ ಬಸ್, ಬೇರೆ ಬೇರೆ ಸೀಟು. ಟೀಚರಿಗೆ ಆಪರೇಷನ್ ಆದಾಗಲೂ ಸುಗುಣಮ್ಮ ಬಂದು ನೋಡಲಿಲ್ಲ. ಬರಬೇಕೆಂದು ಟೀಚರ್ ಹೇಳಿ ಕಳಿಸಲೂ ಇಲ್ಲ.

ಈಗ ಗೊತ್ತಾಯಿತಲ್ಲ, ನಾನು ಎಲ್ಲಿ ಕೈ ಹಾಕಿದ್ದೆ ಅಂತ? ಆ ಭಾನುವಾರ ಸುಗುಣಮ್ಮ ಪಾಠಕ್ಕೆ ನಿಲ್ಲದೆ ಬಸ್ಸಿಗೆ ಹೋಗಿದ್ದರು, ಈಗ ಅಯ್ಯನವರ ಮಾತಿಗೆ ಹೊಸ್ತಿಲು ದಾಟಲು ಒಪ್ಪಿದ್ದಾರೆ. ಅದು ಅಯ್ಯನವರ ಮಾತಲ್ಲ, ಮಂಗನಾಟ ಅಂತ ಗೊತ್ತಾದರೆ? ಏಳನೇ ವರ್ಷವಲ್ಲ, ಹತ್ತು ವರ್ಷವಾದರೂ ಆ ಮನೆಯ ಕಡೆ ತಿರುಗಿ ನೋಡುವುದಿಲ್ಲ.

ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅಯ್ಯನವರು ನನ್ನ ಇಪ್ಪತ್ತೆರಡು ನಿಮಿಷದ ರೆಕಾರ್ಡಿಂಗನ್ನೂ ಪೂರ್ತಿ ಕೇಳಿದರು. ಬೈಯಲಿಲ್ಲ. ನಾನು ಹಿಂಗ ಕೆಮ್ಮುತ್ತೀನಾ ಅಂತ ಮಾತ್ರ ಕೇಳಿದರು. ಹೆಂಡತಿಯನ್ನು ಕರೆದು ಕೇಳಿದರು. ಅವರು ಹೌದು ಅಂದರು.

ನನಗೆ ಸ್ವಲ್ಪ ಧೈರ್ಯ ಬಂತು. ನೀವೇ ಹೇಳಿದ್ದು ಅಂತ ಇರಲಿ ಬಿಡಿ, ಒಳ್ಳೆಯದೇ ಆಗುತ್ತಲ್ಲ ಅಂದೆ.

"ನೋಡು ತಮ್ಮ," ಅಂದರು. "ನಿನ್ನ ಬಾಯಿಂದ ನನ್ನ ದನಿ ಬಂತು, ಬರ್ಲಿ. ಈಗ ನನ್ನ ಬಾಯಿಂದ ನಿನ್ನ ಸುಳ್ಳು ಬರಬೇಕೇನು? ಶನಿವಾರ ಹೋಗಿ ನೀನೇ ಹೇಳು."

ಟೀ ಕುಡಿದಾದ ಮೇಲೆ ಹೇಳಬಹುದಾ ಅಂತ ಕೇಳಿದೆ.

"ಕುಡಿಯೋಕಿಂತ ಮೊದ್ಲು."

ನಾನೂ ಬರುತ್ತೇನೆ ಅಂತಷ್ಟೇ ಟೀಚರಿಗೆ ಫೋನ್ ಮಾಡಿ, ಶನಿವಾರ ಹರಿಹರ ಬಸ್ ಸ್ಟ್ಯಾಂಡಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತಿದ್ದೆ. ಟೀಚರ್ ಮನೆ ತಲುಪುವಷ್ಟರಲ್ಲಿ ಸುಗುಣಮ್ಮ ಆಗಲೇ ಬಂದಾಗಿತ್ತು. ಸೋಫಾದ ಅಂಚಿನಲ್ಲಿ, ತೊಡೆಯ ಮೇಲೆ ಬ್ಯಾಗ್ ಇಟ್ಟುಕೊಂಡು, ಈಗಲೋ ಆಗಲೋ ಬಸ್ ಬರುತ್ತದೆ ಅನ್ನುವ ಹಾಗೆ ಕೂತಿದ್ದರು. ಎದುರಿಗೆ ಕುರ್ಚಿಯಲ್ಲಿ ಟೀಚರ್, ಪಕ್ಕದಲ್ಲಿ ವಾಕರ್. ನಡುವೆ ಟೀಪಾಯಿಯ ಮೇಲೆ ಫ್ಲಾಸ್ಕು, ಮೂರು ಲೋಟ, ಒಂದು ತಟ್ಟೆ.

ತಟ್ಟೆಯಲ್ಲಿ ಬಿಸ್ಕೆಟ್. ದುಂಡಗೆ ಜೋಡಿಸಿದ ಎಂಟು ಬಿಸ್ಕೆಟ್. ಆರು ವರ್ಷದ ಜಗಳ ಮುಗಿಸಲು ಕರೆದ ದಿನವೂ ಟೀಚರ್ ರೂಲ್ ಮುರಿದಿರಲಿಲ್ಲ.

ನಾನು ಕೂತ ಕೂಡಲೇ ಇಬ್ಬರಿಗೂ ಪೋಸ್ಟ್‌ಮ್ಯಾನ್ ಸಿಕ್ಕಂತಾಯಿತು. ಮಂಡಿ ಹೆಂಗೈತೆ ಅಂತ ನಿಮ್ಮ ಟೀಚರಿಗೆ ಕೇಳಪ್ಪ ಅಂತ ಇವರು. ಪರವಾಗಿಲ್ಲ ಅಂತ ಹೇಳು ಅಂತ ಅವರು. ನಾಲ್ಕು ಅಡಿ ಅಂತರದಲ್ಲಿ ಕೂತು, ನನ್ನ ಮೂಲಕ ಸೊಸೆಯಂದಿರ ಆರೋಗ್ಯ, ನೀರು ಬಿಡುವ ಟೈಮು, ಎಲ್ಲ ವಿಚಾರಿಸಿಕೊಂಡರು. ಆಮೇಲೆ ಟೀಚರ್ ಫ್ಲಾಸ್ಕಿನ ಕಡೆ ಕೈ ತೋರಿಸಿದರು. ಬಗ್ಗಿಸು ಅಂತ.

ಫ್ಲಾಸ್ಕ್ ಕೈಗೆ ತಗೊಂಡೆ. ಇಟ್ಟೆ. ಬಾಯಿ ತೆರೆದೆ.

"ಪ್ರಿಯರೇ," ಅಂದಿತು ನನ್ನ ಬಾಯಿ. ಕೆಮ್ಮಿತು.

ಇಬ್ಬರೂ ಬಾಗಿಲ ಕಡೆ ತಿರುಗಿ, ಸೆರಗು ಸರಿಮಾಡಿಕೊಂಡರು. ಬಾಗಿಲಲ್ಲಿ ಯಾರೂ ಇಲ್ಲ. ನಿಧಾನವಾಗಿ ಇಬ್ಬರೂ ನನ್ನ ಕಡೆ ತಿರುಗಿದರು. ನಾಲ್ಕು ಕಣ್ಣು.

ನಾನು ಆಣೆ ಮಾಡುತ್ತೇನೆ, ಬೇಕಂತ ಮಾಡಿದ್ದಲ್ಲ. ಹೆದರಿಕೆಯಾದಾಗ ನನಗೆ ನನ್ನ ದನಿ ಸಿಗುವುದೇ ಇಲ್ಲ. ಆಮೇಲೆ ಉಳಿದದ್ದನ್ನು ತೊದಲುತ್ತಾ ಹೇಳಿದೆ. ಸ್ಟೋರೇಜು, ತಾರಸಿ, ಅಮ್ಮ ತಂದ ಟೀ.

"ಅಂದ್ರ ಅಯ್ನೋರು ಹೇಳೇ ಇಲ್ಲ," ಅಂದರು ಸುಗುಣಮ್ಮ. ಎದ್ದರು. ಬ್ಯಾಗ್ ಹೆಗಲಿಗೆ ಹಾಕಿಕೊಂಡರು. ಬಾಗಿಲವರೆಗೆ ಹೋಗಿಯೂ ಬಿಟ್ಟರು.

ಟೀಚರಿಗೆ ಬೇಗ ಏಳಲು ಆಗುವುದಿಲ್ಲ. ವಾಕರ್ ಹಿಡಿದರು, ಅರ್ಧ ಎದ್ದರು, ಹಾಗೇ ನಿಂತರು. ತರಗತಿಯ ಹಿಂದಿನ ಬೆಂಚಿಗೆ ಕೇಳಿಸುವ ದನಿ ಅವರದ್ದು. ನಾನು ಅದನ್ನು ನೂರು ಸಲ ತೆಗೆದಿದ್ದೇನೆ. ಅವತ್ತು ಅವರ ಬಾಯಿಂದ ಬಂದದ್ದು ಅದಲ್ಲ. ಅದನ್ನು ನನಗೆ ಇವತ್ತಿಗೂ ತೆಗೆಯಲು ಬಂದಿಲ್ಲ.

"ಸುಗುಣಾ, ಕೂಡು. ಅಯ್ನೋರು ಹೇಳಿಲ್ಲ, ಆತು. ನಾನು ಹೇಳ್ತೀನಿ. ಕೂಡು."

ಸುಗುಣಮ್ಮ ತಿರುಗಿ ನೋಡಿದರು.

"ನೀನು ಹೇಳಿದ್ದಿದ್ರೆ ಆರು ವರ್ಷದ ಹಿಂದೇನೇ ಕೂಡ್ತಿದ್ದೆ."

ಬಂದು ಕೂತರು. ಈ ಸಲ ಸೋಫಾದ ಪೂರ್ತಿ ಒಳಕ್ಕೆ. ಬ್ಯಾಗ್ ಕೆಳಗಿಟ್ಟರು. ತಟ್ಟೆ ನೋಡಿದರು.

"ಇವತ್ತೂ ಬಿಸ್ಕಿಟ್ಟೇ ಏನು, ದಯಾ?"

ಟೀಚರ್ ಸ್ವಲ್ಪ ಹೊತ್ತು ಆ ಎಂಟು ಬಿಸ್ಕೆಟ್‌ಗಳನ್ನು ತಪ್ಪು ಲೆಕ್ಕ ನೋಡುವ ಹಾಗೆ ನೋಡಿದರು. ಆಮೇಲೆ ನನಗೆ ಹೇಳಿದರು, ಬೀದಿ ಮೂಲೆಯಲ್ಲಿ ಗಾಡಿ ಇರುತ್ತದೆ, ಮಿರ್ಚಿ ಬಿಸಿ ಇದ್ದರೆ ಮಾತ್ರ ತಾ, ಮಂಡಕ್ಕಿಗೆ ಈರುಳ್ಳಿ ಜಾಸ್ತಿ ಹಾಕಿಸು. ಓಡಿದೆ. ಅಷ್ಟು ಬೇಗ ನಾನು ಸ್ಕೂಲಿನ ಸ್ಪೋರ್ಟ್ಸ್ ಡೇಯಲ್ಲೂ ಓಡಿಲ್ಲ.

ಟೀಚರ್ ನಾಲ್ಕು ತಿಂದರು. ಸುಗುಣಮ್ಮ ಪಕ್ಕದಲ್ಲಿ ಕೂತು ಜೋರಾಗಿ ಎಣಿಸಿದರು. ಅವತ್ತಿಂದು ಒಂದು, ಇವತ್ತಿಂದು ಮೂರು ಅಂತ ಟೀಚರೇ ಲೆಕ್ಕ ಕೊಟ್ಟರು. ಗಣಿತ ಟೀಚರ್, ಯಾರು ವಾದ ಮಾಡುತ್ತಾರೆ?

ಇಷ್ಟಕ್ಕೇ ನಾನು ಪಾರಾದೆ ಅಂದುಕೊಂಡು ಚಪ್ಪಲಿ ಹಾಕಿಕೊಳ್ಳುತ್ತಿದ್ದೆ. ಟೀಚರ್ ವಾಕರ್ ಹಿಡಿದು ಬಾಗಿಲವರೆಗೆ ಬಂದರು.

"ಪಾಠ ಕೊಟ್ಟೋನು ಹೋಂವರ್ಕ್ ಮಾಡಬಾರದು ಅಂತ ಎಲ್ಲೈತೆ? ನೀನು ಯಾರ ಹತ್ರ ಮಾತು ಬಿಟ್ಟೀಯ?"

ನಾನು ಬಿಟ್ಟಿಲ್ಲ ಟೀಚರ್, ಅವನೇ ಬಿಟ್ಟಿದ್ದಾನೆ ಅಂದೆ.

"ಆರು ವರ್ಷ ನಾವಿಬ್ರೂ ಇದನ್ನೇ ಹೇಳ್ಕೊಂಡು ಅಡ್ಡಾಡಿದ್ವಿ," ಅಂತ ಒಳಗಿನಿಂದ ಸುಗುಣಮ್ಮನ ದನಿ ಬಂತು.

ಮರುದಿನದ ದೊಡ್ಡವರ ಪಾಠದಲ್ಲಿ ಅಯ್ಯನವರು ಅದೇ ಕೆಲಸವನ್ನು ತಮ್ಮ ಸ್ವಂತ ದನಿಯಲ್ಲಿ, ಎಲ್ಲರಿಗೂ ಕೊಟ್ಟರು. ಮಕ್ಕಳ ಬೆಂಚಿನ ಮೇಲೆ ಕೂತ ಇಪ್ಪತ್ತು ಜನ ದೊಡ್ಡವರು ಎಂದಿನಂತೆ ತಲೆದೂಗಲಿಲ್ಲ. ನೆಲ ನೋಡಿದರು. ಯಾರೋ ಒಬ್ಬರು ಕೈ ಎತ್ತಿ, ಟೀ ಬದಲಿಗೆ ಕಾಫಿಯಾದರೆ ನಡೆಯುತ್ತದಾ ಅಂತ ಕೇಳಿದರು. ಅಂದರೆ ಪಾಠ ನಾಟಿತ್ತು ಅಂತ ಅರ್ಥ. ಮೊದಲ ಬಾರಿಗೆ ಅದು ಪಕ್ಕದಲ್ಲಿ ಕೂತವರ ಪಾಠ ಆಗಿರಲಿಲ್ಲ.

ನಾನು ಮೊಬೈಲ್‌ನ ಸ್ಟೋರೇಜ್ ಖಾಲಿ ಮಾಡಿದ್ದೇನೆ. ಆ ನಿಶ್ಚಿತಾರ್ಥದ ವಿಡಿಯೋವನ್ನೂ ಅಳಿಸಿದ್ದೇನೆ. ಅಮ್ಮನಿಗೆ ಎರಡು ಲೋಟ ಟೀ ಇಡಲು ಹೇಳಿದ್ದೇನೆ. ವಿನಯನ ನಂಬರ್ ಸ್ಕ್ರೀನಿನ ಮೇಲಿದೆ, ಒತ್ತುವುದೊಂದೇ ಬಾಕಿ.

ಹಲೋ ಅಂತ ಯಾರ ದನಿಯಲ್ಲಿ ಅನ್ನಲಿ?