ಸುಳ್ಳಿಗೆ ಆಮೆನ್ ಎಂದವಳ ಮೇಲೂ ಕೃಪೆ

ನಮ್ಮ ಯಜಮಾನರಿಗೆ ಎಚ್‌ಐವಿ ಇದೆ. ಕರ್ತನಲ್ಲಿ ನನ್ನ ಒಡಹುಟ್ಟಿದವರಂಥವರೇ, ಈ ಒಂದು ಸಾಲನ್ನು ಮೂರು ಸಲ ಬರೆದು ಹೊಡೆದುಹಾಕಿದ್ದೇನೆ. ಹೆಸರು ಹಾಕುವ ಧೈರ್ಯ ಇನ್ನೂ ಬಂದಿಲ್ಲ, ಕ್ಷಮಿಸಿ. ಭಾಲ್ಕಿಯಲ್ಲಿ ಮಕ್ಕಳಿಗೆ ಪಾಠ ಹೇಳುವ ಟೀಚರ್ ಒಬ್ಬಳು ಎಂದು ತಿಳಿದುಕೊಂಡರೆ ಸಾಕು.

ಹೋದ ವರ್ಷ ಅವರಿಗೆ ಟಿಬಿ ಬಂದಾಗ ಮಾಡಿದ ರಕ್ತಪರೀಕ್ಷೆಯಲ್ಲಿ ಇದು ಗೊತ್ತಾಯಿತು. ಎಲ್ಲಿಂದ ಬಂತು ಎಂದು ಕೇಳಬೇಡಿ. ಅದು ಮದುವೆಗೆ ಮುಂಚಿನ ಮಾತು. ಅವರು ದೇವರ ಮುಂದೆ ಅತ್ತು ಮುಗಿಸಿದ್ದಾರೆ, ನಾನು ಅವರ ಮುಂದೆ ಜಗಳವಾಡಿ ಮುಗಿಸಿದ್ದೇನೆ. ನನ್ನ ರಕ್ತದಲ್ಲಿ ಆಗ ಏನೂ ಇರಲಿಲ್ಲ. ಅವರಿಗೆ ಗುಳಿಗೆ ಶುರುವಾದವು. ವೈರಸ್ ಪೂರ್ತಿ ತಗ್ಗುವವರೆಗೆ ಕಾಂಡೋಮ್ ಬಿಡಬಾರದು, ಹರಿದರೆ ಕೂಡಲೇ ಬರಬೇಕು, ಮೂರು ದಿನ ದಾಟಿದರೆ ನನಗೆ ಸೋಂಕು ತಡೆಯುವ ಔಷಧಿ ಕೊಟ್ಟು ಉಪಯೋಗವಿಲ್ಲ ಎಂದು ಬೀದರಿನ ಆಸ್ಪತ್ರೆಯಲ್ಲಿ ಹೇಳಿ ಕಳಿಸಿದ್ದರು.

ಮಳೆಗಾಲದ ಒಂದು ಶನಿವಾರ ರಾತ್ರಿ ಅದು ಹರಿಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಬೆಳಿಗ್ಗೆ ಎದ್ದವರೇ ಯಜಮಾನರು, "ನಡಿ, ಇಲ್ಲೇ ಭಾಲ್ಕಿ ದವಾಖಾನಿಗಿ ಹೋಗೋಣು" ಎಂದರು. ನಾನು ಒಲ್ಲೆ ಎಂದೆ. ಅಲ್ಲಿನ ನರ್ಸಮ್ಮ ನಮ್ಮ ಚರ್ಚಿನವರು. ಅವರ ಮುಂದೆ ಏನೆಂದು ಬಾಯಿ ಬಿಡಲಿ? ಆ ಭಾನುವಾರ ಆರಾಧನೆಗೆ ಹೋಗಿ ಅದೇ ನರ್ಸಮ್ಮನ ಪಕ್ಕ ನಿಂತು ಹಾಡಿದೆ. ಜೀವ ಹೋದರೂ ಚಿಂತೆಯಿಲ್ಲ, ಮಾನ ಉಳಿಯಲಿ ಎಂದುಕೊಂಡ ನನ್ನ ಬುದ್ಧಿಗೆ ಏನು ಹೇಳಬೇಕೋ ತಿಳಿಯದು.

ಸೋಮವಾರ ಯಜಮಾನರೇ ಸಾಲೆಗೆ ಫೋನ್ ಮಾಡಿ ರಜೆ ಹೇಳಿ, ನನ್ನನ್ನು ಬೀದರ್ ಬಸ್ಸು ಹತ್ತಿಸಿ ತಾವೂ ಹತ್ತಿದರು. ಪರಿಚಯದವರೊಬ್ಬರು "ಎಲ್ಲಿಗ್ರೀ ಟೀಚರ್?" ಎಂದರು. "ಸೀರಿ ತರ್ಲಾಕ್ರಿ" ಎಂದೆ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಏನಾಯಿತೆಂದು ಕೇಳಿದಾಗ ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಯಜಮಾನರೇ ತಲೆ ತಗ್ಗಿಸಿ ಹೇಳಿದರು.

"ಗಂಡ ಹೆಂಡ್ತಿ ಇದ್ದೀರಿ, ಇದರಾಗ ನಾಚ್ಕೊಳ್ಳೋದೇನದರಿ? ಟೈಮಿಗಿ ಬಂದೀರಿ, ಚಲೋ ಆಯ್ತು. ಒಂದು ತಿಂಗಳು ಗುಳಗಿ ತಪ್ಪಸಬ್ಯಾಡ್ರಿ. ಮೂರು ತಿಂಗಳಿಗಿ ಮತ್ತ ರಕ್ತ ನೋಡೋಣು" ಎಂದರು ಡಾಕ್ಟರಮ್ಮ.

ಗುಳಿಗೆ ನುಂಗಿದರೆ ಹೊಟ್ಟೆ ತೊಳಸುತ್ತಿತ್ತು. ಅದೇ ಹೊತ್ತಿಗೆ ಔರಾದ ತಾಲೂಕಿನ ಸಂತಪುರದಿಂದ ನಮ್ಮತ್ತೆ ಬಂದರು. ಮಗನಿಗೆ ಟಿಬಿ ಆಗಿತ್ತು ಎಂದಷ್ಟೇ ಅವರಿಗೆ ಗೊತ್ತು. ನಾನು ಬಚ್ಚಲಲ್ಲಿ ವಾಂತಿ ಮಾಡುವುದನ್ನು ನೋಡಿ ಅವರು ನಕ್ಕರು. ಯಾಕೆ ನಕ್ಕರೆಂದು ನನಗೆ ಹೊಳೆಯಲಿಲ್ಲ.

ಆ ವಾರ ಹೆಂಗಸರ ಪ್ರಾರ್ಥನಾ ಕೂಟ ನಮ್ಮ ಮನೆಯಲ್ಲೇ ಇತ್ತು. ಅತ್ತೆ ಎದ್ದು ನಿಂತು, "ನಮ್ಮ ಸೊಸಿ ಮ್ಯಾಲ ದೇವರ ದಯಾ ಆಗ್ಯಾದ್ರಿ, ನಮ್ಮ ಮನ್ಯಾಗ ತೊಟ್ಟಿಲ ತೂಗತದ" ಎಂದುಬಿಟ್ಟರು. ಎಲ್ಲರೂ ಚಪ್ಪಾಳೆ ತಟ್ಟಿ ಹುಟ್ಟಲಿರುವ ಕೂಸಿಗಾಗಿ ಪ್ರಾರ್ಥಿಸಿದರು. ಒಬ್ಬರಂತೂ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಅತ್ತರು. ಎಲ್ಲರ ಜೊತೆ ನಾನೂ ಆಮೆನ್ ಎಂದೆ. ನೆಲ ಬಿರಿದು ನನ್ನನ್ನು ನುಂಗಬಾರದೇ ಎನಿಸಿತು.

ಸಂಜೆ ಅತ್ತೆಯ ಕಾಲ ಬಳಿ ಕುಳಿತು ಇದ್ದದ್ದನ್ನೆಲ್ಲ ಹೇಳಿದೆ. ಅವರು ಬೈಯುತ್ತಾರೆ, ಎದೆ ಬಡಿದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಅವರು ಸೆರಗಿನಿಂದ ಮುಖ ಮುಚ್ಚಿಕೊಂಡರು. ಆಮೇಲೆ, "ನನ ಮಗನ್ನ ಬಿಟ್ಟು ಹೋಗ್ತಿ ಏನು ಯವ್ವಾ?" ಎಂದು ಕೇಳಿದರು.

"ಇಲ್ರಿ ಅತ್ತಿ."

"ಹಂಗಾದ್ರ ಏಳು, ಎರಡು ತುತ್ತು ಉಣ್ಣು. ಗುಳಗಿ ಖಾಲಿ ಹೊಟ್ಟಿಗಿ ಬ್ಯಾಡ."

ಮುಂದಿನ ಕೂಟದಲ್ಲಿ ಅವರೇ ಎಲ್ಲರ ಮುಂದೆ ಕೈ ಮುಗಿದು ನಿಂತರು. "ಮುದಕಿದು ಅವಸರ ಆಯ್ತ್ರಿ. ಸೊಸಿ ಬಸುರಿಲ್ಲ. ಆಕಿಗಿ ಆರಾಮಿಲ್ಲ. ಏನಂತ ಕೇಳಬ್ಯಾಡ್ರಿ, ಪ್ರಾರ್ಥನಾ ಮಾಡ್ರಿ." ನನ್ನ ನಾಚಿಕೆಯನ್ನು ಆ ಹಿರಿಯ ಜೀವ ತನ್ನ ತಲೆಯ ಮೇಲೆ ಹೊತ್ತುಕೊಂಡಿತು. ಹೆಂಗಸರು ಏನೂ ಕೇಳಲಿಲ್ಲ. ಆ ನರ್ಸಮ್ಮನೇ ಮೊದಲು ಮೊಣಕಾಲೂರಿದರು.

ಮೂರು ತಿಂಗಳಾದ ಮೇಲೆ ಬೀದರಿನಲ್ಲಿ ಮತ್ತೆ ರಕ್ತ ಕೊಟ್ಟೆ. "ಏನೂ ಇಲ್ರಿ, ನೆಗೆಟಿವ್ ಅದ" ಎಂದರು ಡಾಕ್ಟರಮ್ಮ. ಖುಷಿಗೆ ಓಡುತ್ತಲೇ ಹೊರಗೆ ಬಂದೆ. ಯಜಮಾನರು ತಮ್ಮ ಆ ತಿಂಗಳ ಗುಳಿಗೆಗಳ ಚೀಲ ತೊಡೆಯ ಮೇಲಿಟ್ಟುಕೊಂಡು ಬೆಂಚಿನ ಮೇಲೆ ಕುಳಿತಿದ್ದರು. ಅವರನ್ನು ನೋಡಿದೊಡನೆ ಬಾಗಿಲಲ್ಲೇ ನಿಂತೆ. ನನಗಿಲ್ಲ ಎಂದು ಅವರ ಮುಂದೆ ಹಿಗ್ಗುವುದೇ? ಅಷ್ಟು ದಿನಗಳ ನಾಚಿಕೆಗಿಂತ ಇದು ಹೆಚ್ಚು ಚುಚ್ಚಿತು.

ಅವರಿಗೆ ನನ್ನ ಮುಖ ನೋಡಿದ ಕೂಡಲೇ ತಿಳಿಯಿತು. "ಯಾಕ, ದೇವರಿಗಿ ಸ್ತೋತ್ರ ಅನ್ನಲ್ಲೇನು?" ಎಂದರು.

"ನಿಮ್ಮ ಮುಂದ ಹ್ಯಾಂಗ ಅನ್ಲಿ?"

"ಹುಚ್ಚಿ, ನಾ ಕೇಳಿದ್ದು ಇದೇ. ನನ್ನ ಸಲುವಾಗಿ ಒಂದ ದಿನಾನೂ ಏನೂ ಕೇಳಿಲ್ಲ" ಎಂದು ಹೇಳಿ ಕಣ್ಣೊರೆಸಿಕೊಂಡರು.

ನನ್ನ ಪ್ರಾರ್ಥನೆಗೆ ಉತ್ತರ ಸಿಕ್ಕಿತೆಂದು ಸಾಕ್ಷಿ ಬರೆಯಲು ಕುಳಿತೆ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನಾನು ಬೇಡಿದ್ದು ಯಾರಿಗೂ ಗೊತ್ತಾಗದಿರಲಿ ಎಂದಷ್ಟೇ. ನನ್ನ ಜೀವ ಉಳಿಯಲಿ ಎಂದು ಬೇಡಿದವರು ಯಜಮಾನರು. ಕರ್ತನು ಅವರ ಮೊರೆ ಕೇಳಿದನು, ಆತನಿಗೆ ಸ್ತೋತ್ರ. ಈಗ ಅವರ ಜೀವಕ್ಕಾಗಿ ನಾನು ಬೇಡುತ್ತೇನೆ, ಅತ್ತೆಯ ಪಕ್ಕ ಕುಳಿತು, ಅವರ ಹೆಸರು ಹಿಡಿದು, ಗಟ್ಟಿಯಾಗಿ.