ಕೆರಾಡಿಗೆ ಒಯ್ದ ಹೊಸ ತೆನೆ

ಬ್ರಹ್ಮಾವರದ ಚರ್ಚಿನಲ್ಲಿ ಹೊಸ ಬೆಳೆಯ ಮೊಂತಿ ಹಬ್ಬದ ಪೂಜೆ ಮುಗಿಸಿ ಒಂಬತ್ತೂವರೆಗೆ ಬಸ್ ಹತ್ತಿದೆ. ಪಾದ್ರಿಗಳು ಆಶೀರ್ವದಿಸಿದ ಭತ್ತದ ತೆನೆಯನ್ನು ದೂರದ ನೆಂಟರಿಗೆ ತಲುಪಿಸುವುದು ನಮ್ಮಲ್ಲಿ ವಾಡಿಕೆ. ನನ್ನ ಪಾಲಿಗೆ ಬಂದದ್ದು ಕೆರಾಡಿಯ ಮೌಶಿ, ಅಮ್ಮನ ತಂಗಿ. ಹಿಂದಿನ ತಿಂಗಳು ಅವಳ ಮನೆಯಲ್ಲಿ ನಾಲ್ಕು ಜನ ಸೇರಿ ಜಪಮಣಿ ಹಿಡಿದು ಜಪಸರ ಹೇಳಿದ್ದಕ್ಕೆ ಊರಿನ ಕೆಲವರು ಬಂದು, ಇನ್ನೊಮ್ಮೆ ಪ್ರಾರ್ಥನೆ ಕೇಳಿಸಬಾರದು ಎಂದು ಹೇಳಿ ಹೋಗಿದ್ದರು.

ಅಪಾಯಕ್ಕೆ ಎರಡು ದಿನ ಮೊದಲೇ ಅಡಗುವ ಜಾಗ ಹುಡುಕುವ ಜಾತಿ ನನ್ನದು. ತೆನೆಯನ್ನು ಹರಿವೆ ಸೊಪ್ಪಿನ ಕಟ್ಟಿನೊಳಗೆ ಅಡಗಿಸಿದ್ದೆ.

ಕುಂದಾಪುರದಲ್ಲಿ ಜಿಟಿಜಿಟಿ ಮಳೆ. ಚಾ, ಬನ್ಸ್ ಮುಗಿಸಿ ಕೆರಾಡಿ ಬಸ್ ಹಿಡಿದೆ. ತಲ್ಲೂರು ದಾಟುವಾಗ ಸೊಪ್ಪಿನ ನಡುವೆ ತೆನೆಯ ತುದಿ ಕಂಡು ಪಕ್ಕದ ಹೆಂಗಸು ಚೀಲಕ್ಕೆ ಇಣುಕಿದರು.

"ಹ್ವಾಯ್, ಹೊಸ್ತಿಗಾ?"

ಅವರಲ್ಲೂ ಹೊಸ್ತು ಎಂಬ ಹೊಸ ಅಕ್ಕಿಯ ಹಬ್ಬವಿದೆ. "ಹೌದು" ಎಂದೆ.

"ಯಾವ ದೇವಸ್ಥಾನದ್ದ್?"

ನಾನು ಕಿಟಕಿಯಾಚೆಯ ರಬ್ಬರ್ ಮರಗಳನ್ನು ಎಣಿಸುವವನಂತೆ ಕುಳಿತೆ.

ಹನ್ನೆರಡರ ಹೊತ್ತಿಗೆ ತಲುಪಿದಾಗ ಮೌಶಿ ಸೊಪ್ಪು ಬಿಡಿಸಿ ನಕ್ಕಳು. "ಕಳ್ಳಭಟ್ಟಿ ತಂದ ಹಾಗೆ ತಂದಿದ್ದೀಯಲ್ಲೋ."

ಕಾಳು ಸುಲಿದು, ಅರೆದು, ತೆಂಗಿನ ಹಾಲಿಗೆ ಬೆರೆಸಿದಳು. ಪ್ರಾರ್ಥನೆ ಹೇಳಿಯೇ ಅದನ್ನು ಕುಡಿಯಬೇಕು. ನಾನು ಬಾಗಿಲು ಮುಚ್ಚಿದೆ. "ಮನಸ್ಸಿನಲ್ಲೇ ಹೇಳೋಣ ಮೌಶಿ, ದೇವರಿಗೆ ಕೇಳಿಸುತ್ತದೆ."

"ದೇವರಿಗೆ ಕೇಳಿಸುತ್ತದೆ. ನನಗೆ ಕೇಳಿಸುವುದಿಲ್ಲ" ಎಂದು ಅವಳು ಬಾಗಿಲು ಪೂರ್ತಿ ತೆರೆದಳು.

ಅಷ್ಟರಲ್ಲಿ ಅಂಗಳಕ್ಕೆ ಬೈಕೊಂದು ಬಂತು. ಇಬ್ಬರು ಗಂಡಸರು. ಓಡಿಸುತ್ತಿದ್ದವನು ಕೇಳಿದ, "ಬಾಯಮ್ಮ, ಅವತ್ ಹೇಳಿದ್ದ್ ನೆನಪಿಲ್ಯಾ?"

"ನೆನಪಿತ್ತ್" ಎಂದಳು ಮೌಶಿ. "ನಿನ್ ಅಪ್ಪಯ್ಯ ಈ ಹಬ್ಬಕ್ಕೆ ಇದೇ ಜಗ್ಲಿ ಮೇಲ್ ಕೂಕಂಡ್ ಪಾಯ್ಸ ಕುಡೀತಿದ್ದ. ನೀನ್ ಬೇಕಾರೆ ನಿಂತ್ಕಂಡೇ ಕೇಣ್." ಆಮೇಲೆ ನನ್ನತ್ತ ತಿರುಗಿ, "ಶುರು ಮಾಡು."

ಮೊದಲ ಸಾಲು ಬೆಕ್ಕಿನ ಮರಿಯ ಸ್ವರದಲ್ಲಿ ಹೊರಟಿತು. "ಜೋರು" ಎಂದಳು ಮೌಶಿ. ಹಿಂದೆ ಕುಳಿತಿದ್ದವನು ಮೊಬೈಲ್ ಎತ್ತಿ ರೆಕಾರ್ಡ್ ಮಾಡತೊಡಗಿದ.

"ಎಂತ ಹೇಳುದ್ ಇವ್ರ್?" ಎಂದು ಓಡಿಸುತ್ತಿದ್ದವನನ್ನು ಕೇಳಿದ.

ಕೊಂಕಣಿ ಅವರಿಗೆ ತಿಳಿಯುತ್ತಿರಲಿಲ್ಲ. ಯಾಕೋ ಆಗ ನನಗೆ ಬಸ್ಸಿನಲ್ಲಿನ ನನ್ನ ಮೌನದ ಮೇಲೆಯೇ ಸಿಟ್ಟು ಬಂತು. ಹೊಸ್ತಿಲಿಗೆ ಬಂದು, ಮೊದಲಿನಿಂದ ಕೊನೆಯವರೆಗೆ ಇನ್ನೊಮ್ಮೆ, ಕನ್ನಡದಲ್ಲಿ, ಬಿಡಿಸಿ ಬಿಡಿಸಿ ಹೇಳಿದೆ. ನಮಗೆ ತಪ್ಪು ಮಾಡಿದವರನ್ನು ಕ್ಷಮಿಸುತ್ತೇವೆ ಎಂಬ ಸಾಲು ಬಂದಾಗ ಮೊಬೈಲನ್ನೇ ನೋಡಿದೆ. ಆಮೆನ್ ಹೇಳಿ ಮುಗಿಸಿದಾಗ ಬೈಕು ಅಂಗಳದಿಂದ ಹೊರಟಿತು; ನಾವು ಹೊಸ ಅಕ್ಕಿಯ ಹಾಲು ಕುಡಿದೆವು.

ಮೂರೂವರೆಯ ಬಸ್ಸಿಗೆ ಹೊರಟಾಗ ಬೈಕಿನ ಇಬ್ಬರೂ ರಸ್ತೆಯ ತಿರುವಿನಲ್ಲೇ ನಿಂತಿದ್ದರು. ಮೌಶಿ ಗೇಟಿನಿಂದ ನನಗೆ, ಅವರಿಗೂ ತಿಳಿಯುವ ಕನ್ನಡದಲ್ಲಿ ಕೂಗಿದಳು, "ಮುಂದಿನ ಭಾನುವಾರ ಸಂಜೆ ಇಲ್ಲಿ ಜಪಸರ ಇತ್ತ್. ಹೆಂಡ್ತಿನೂ ಕರ್ಕಂಡ್ ಬಾ."

ಬೈಕಿನ ಪಕ್ಕಕ್ಕೆ ಬಂದಮೇಲೆ ನಿಂತು, ತಿರುಗಿ, ಕೂಗಿದೆ: "ಬತ್ತೆ."