ಅತ್ತೆಗೆ ಅಮ್ಮ, ಮಾವನಿಗೆ ಸೂಜಿ ಗುಳ್ಳೆ

ಏರ್‌ಪೋರ್ಟಿನಲ್ಲಿ ಕೆಲಸಕ್ಕೆ ಸೇರಿದ ಹೊಸದು. ರಜೆ ಸಿಕ್ಕಿತೆಂದು ಆವತಿಯ ಅಕ್ಕನ ಮನೆಗೆ ಹೋಗಿ, ಅವಳ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಊಟ ಮಾಡಿಸಿ ಬಂದಿದ್ದೆ. ಮಾರನೇ ದಿನ ಅಕ್ಕನ ಫೋನು: "ಪಾಪುಗೆ ಚಿಕನ್‌ಪಾಕ್ಸ್ ಕಣೆ. ನಿನಗೆ ಚಿಕ್ಕವಳಿದ್ದಾಗ ಬಂದಿಲ್ಲ, ಇಂಜೆಕ್ಷನ್ ಹಾಕಿಸ್ಕೊ." ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆ ಹತ್ತಿರದ ಡಾಕ್ಟರ ಬಳಿ ಓಡಿ ಲಸಿಕೆ ಹಾಕಿಸಿಕೊಂಡೆ.

ಎರಡು ವಾರವೂ ತುಂಬಿರಲಿಲ್ಲ, ಜ್ವರ ಬಂತು. ಹೊಟ್ಟೆ ಮೇಲೆ, ಕಿವಿ ಹಿಂದೆ ನೀರುಗುಳ್ಳೆ.

ಅತ್ತೆ ನೋಡಿದವರೇ ಕೈಮುಗಿದರು. "ಅಮ್ಮ ಬಂದವಳೆ!" ಬೆಳಗ್ಗೆಯಷ್ಟೇ ಇಷ್ಟೊತ್ತಾದರೂ ಏಳಲಿಲ್ಲವೆಂದು ಬೈದಿದ್ದವರು ಈಗ, "ಏನ್ ಕುಡೀತೀಯ ತಾಯಿ, ಎಳನೀರು ತರಿಸ್ಲಾ?" ಎಂದರು. ಚಾಪೆ ಸುತ್ತ ಬೇವಿನಸೊಪ್ಪು ಹರಡಿತು. ಅಡುಗೆಮನೆಯಲ್ಲಿ ಒಗ್ಗರಣೆ ಬಂದ್. ಸದ್ದಿಗೆ ಅಮ್ಮ ಮುನಿಸಿಕೊಳ್ಳುತ್ತಾಳೆಂದು ಹಿಂದಿನ ಶೆಡ್ಡಿನ ಮಗ್ಗಗಳೂ ಬಂದ್.

ಮಾವನಿಗೆ ತಡೆಯಲಾಗಲಿಲ್ಲ. "ಅದು ಅಮ್ಮ ಅಲ್ಲ ಕಣೆ, ಸೂಜಿ ಗುಳ್ಳೆ. ಅದಕ್ಕೆಲ್ಲ ಯಾರಾದ್ರೂ ಮಗ್ಗ ನಿಲ್ಲಿಸ್ತಾರಾ?"

"ಸೂಜಿ ಚುಚ್ಚಿ ಕೆಣಕಿದ್ದಕ್ಕೇ ಬಂದಿರೋದು. ಸುಮ್ನಿರಿ."

ಮಾವ ನನ್ನನ್ನು ಆಟೋ ಹತ್ತಿಸಿದರು. ಡಾಕ್ಟರು ಹೊರಗೇ ಬಂದು ನೋಡಿ, "ಮಗುವಿನ ಜೊತೆಗೂ ಇದ್ರಿ, ಲಸಿಕೇನೂ ಹಾಕಿಸ್ಕೊಂಡ್ರಿ. ಯಾವುದರಿಂದ ಬಂತು ಅಂತ ನೋಡಿ ಹೇಳಕ್ಕಾಗಲ್ಲ. ಮಗುವಿಂದ ಅಂಟಿರೋದೇ ಹೆಚ್ಚು, ಲಸಿಕೆ ಇದ್ದಿದ್ದಕ್ಕೆ ಇಷ್ಟರಲ್ಲೇ ನಿಂತಿರಬಹುದು. ಗುಳ್ಳೆ ಒಣಗೋವರೆಗೂ ಕೆಲಸಕ್ಕೆ ಹೋಗ್ಬೇಡಿ" ಎಂದರು.

ಮಾವ ಮೆಲ್ಲಗೆ, "ಮೇಡಂ, ಒಗ್ಗರಣೆ ಹಾಕಬಹುದಾ?"

"ಎಲ್ಲಿಗೆ?" ಡಾಕ್ಟರು ಗಾಬರಿಯಾದರು.

"ಸಾರಿಗೆ."

"ಧಾರಾಳವಾಗಿ ಹಾಕಿ."

ಮನೆಗೆ ಬಂದು ಮಾವ ಗೆದ್ದವರಂತೆ ಅದನ್ನೇ ಹೇಳಿದರು. ಅತ್ತೆ ಮೊಸರನ್ನ ಕಲಸುತ್ತಲೇ, "ಅವ್ರ ಮನೇಲಿ ಹಾಕ್ಕೊಳ್ಳಕ್ ಹೇಳಿ" ಎಂದರು.

ಗುಳ್ಳೆಗಳು ಬೇಗ ಒಣಗಿದವು. ಅತ್ತೆ ಬೇವಿನ ನೀರು ಕಾಯಿಸಿ ನನ್ನ ತಲೆಗೆ ಹುಯ್ಯುತ್ತಿದ್ದವರು ಇದ್ದಕ್ಕಿದ್ದಂತೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಆ ಸೂಜಿ ತುಂಬಾ ನೋಯ್ತದಾ?"

"ಇರುವೆ ಕಚ್ಚಿದಷ್ಟು. ಯಾಕತ್ತೆ?"

"ನನಗೂ ಇದುವರ್ಗೂ ಅಮ್ಮ ಬಂದಿಲ್ಲ ಕಣೆ."

ನಾನು ಬೆಚ್ಚಿಬಿದ್ದೆ. ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು ಮೈಗೆ ಬೇವಿನಸೊಪ್ಪು ಸವರಿದ್ದವರು ಇವರೇ. "ಮೊದಲೇ ಹೇಳಬಾರದಿತ್ತಾ?"

"ಹೇಳಿದ್ರೆ ನಿನ್ನ ಯಾರು ನೋಡ್ಕೊಳ್ತಿದ್ರು, ನಿಮ್ಮಾವನಾ?"

ಮರುದಿನ ಇಬ್ಬರೂ ಡಾಕ್ಟರ ಬಳಿಗೆ ಹೋದೆವು. ಸೂಜಿ ಚುಚ್ಚುವಾಗ ಅತ್ತೆ ಕಣ್ಣುಮುಚ್ಚಿ, "ತಪ್ಪು ತಿಳ್ಕೋಬೇಡ ತಾಯಿ" ಎಂದು ಗೊಣಗಿದರು. ಡಾಕ್ಟರು ತಮಗೇ ಹೇಳಿದ್ದೆಂದುಕೊಂಡು, "ಪರವಾಗಿಲ್ಲಮ್ಮ" ಎಂದರು.